ಅವ್ವನ ಮನಿ ಕ್ರೂಸ್ ಅಲ್ರಿ

ದೀಪಾವಳಿಗೆ ಯರಗಟ್ಟಿಗೆ ಹೋಗಬೇಕಿತ್ತು. ನಮ್ಮೂರಿಗೆ ರೈಲಿಲ್ಲ; ಬೆಂಗಳೂರಿಂದ ರಾತ್ರಿಯ ಸ್ಲೀಪರ್ ಬಸ್ಸೇ ಗತಿ. ಬೆಳಿಗ್ಗೆ 1,100 ರೂಪಾಯಿ ಇದ್ದ ಬರ್ತ್ ಸಂಜೆಗೆ 2,600. 'ಎರಡೇ ಬಾಕಿ' ಅಂತು ಆ್ಯಪ್. ಗಾಬರಿಬಿದ್ದು ದುಡ್ಡು ಕಟ್ಟಿ ಮತ್ತೆ ನೋಡಿದರೆ ಆರು ಖಾಲಿ!

ಕೋಡ್ ಬರೆದೇ ಹೊಟ್ಟೆ ಹೊರೆಯೋ ನನಗೆ ಈ ಆಟ ಗೊತ್ತು. ಅಮೆರಿಕದ ವಿಮಾನ ಕಂಪನಿಗಳು 1980ರ ದಶಕದಲ್ಲಿ ರೂಢಿಗೆ ತಂದ ಲೆಕ್ಕ ಇದು: ಬೇಡಿಕೆ ನೋಡಿ ದರ ಏರಿಸು. ಐಷಾರಾಮಿ ಕ್ರೂಸ್‌ನ ಕ್ಯಾಬಿನ್ನೂ ಹೀಗೇ ಮಾರಾಟವಾಗುತ್ತೆ. ಆಗಲಿ ಬಿಡಿ. ದುಬಾರಿಯಾದರೆ ಹಡಗು ಹತ್ತಲ್ಲ, ಅಷ್ಟೇ. ಆದರೆ 'ಮುಂದಿನ ತಿಂಗಳು ರೇಟ್ ಇಳೀತೈತಿ ಬೇ ಯವ್ವಾ, ಆವಾಗ ದೀಪಾವಳಿ ಮಾಡೂಣು' ಅನ್ನಾಕ ಆಕ್ಕೈತೇನ್ರಿ?

'ಇದು ಮಾರುಕಟ್ಟೆ ನಿಯಮ' ಅನ್ನೋರಿಗೆ ಒಂದು ಮಾತು. 2016ರಲ್ಲಿ ರಾಜಧಾನಿ, ಶತಾಬ್ದಿ ರೈಲುಗಳಿಗೆ ಏರುದರ ತಂದಾಗಲೂ ಮೂಲದರದ ಒಂದೂವರೆ ಪಟ್ಟಿಗೆ ಮಿತಿ ಇಟ್ಟರು. ಖಾಸಗಿ ಬಸ್ಸಿಗೂ ಗರಿಷ್ಠ ದರ ನಿಗದಿ ಮಾಡಿಸೋ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಹಬ್ಬಕ್ಕೊಂದು ಎಚ್ಚರಿಕೆ ಸಾಕು, ಮಿತಿ ಹಾಕಿ. ಅದನ್ನ ಆ್ಯಪ್‌ಗೆ ಸೇರಿಸೋದು ಅರ್ಧ ದಿನದ ಕೆಲಸ. ಬೇಕಾದರೆ ನಾನೇ ಬರೆದು ಕೊಡ್ತೀನಿ, ಪುಕ್ಕಟೆ.