ನಳ ಬರುವ ಹೊತ್ತಿಗೆ ಎಚ್ಚರ ಇರುವ ಅಣ್ಣ

ಬೆಟಗೇರಿಯ ನಮ್ಮ ಓಣಿಯಲ್ಲಿ ನಳ ಯಾವಾಗ ಬರ್ತದೆ ಅಂತ ಕೇಳಬಾರದು. ವಾರ ದಾಟಬಹುದು, ಬೇಸಿಗೆಯಾದರೆ ಇನ್ನೂ ಮುಂದಕ್ಕೆ ಹೋಗಬಹುದು, ಬಂದರೆ ರಾತ್ರಿ ಎರಡೂವರೆಗೂ ಬರಬಹುದು. ಓಣಿಯ ಹೆಂಗಸರೆಲ್ಲ ಕಣ್ಣುಜ್ಜಿಕೊಂಡು ಕೊಡ ಹಿಡಿದು ಏಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಏಳಬೇಕಾಗಿಲ್ಲ. ಅಣ್ಣ ಎಚ್ಚರ ಇರ್ತಾನೆ. ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿ, ಪಕ್ಕದ ಮನೆ ಅಜ್ಜಿಯ ಎರಡು ಕೊಡಗಳನ್ನೂ ತುಂಬಿ ಅವಳ ಕಟ್ಟೆಯ ಮೇಲಿಟ್ಟು ಬರ್ತಾನೆ.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಅಜ್ಜಿ ನಮ್ಮ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳ್ತಾಳೆ: “ಏನವಾ, ನಿನ್ನ ಮಗ ಇನ್ನೂ ಎದ್ದಿಲ್ಲೇನು? ಹೊತ್ತು ನೆತ್ತಿಗೆ ಬಂತಲ್ಲ!”

ಅಣ್ಣನಿಗೆ ಸ್ಕಿಜೋಫ್ರೇನಿಯಾ. ಒಂಬತ್ತು ವರ್ಷ ಆಯಿತು. ಈ ಅಂಕಣದಲ್ಲಿ ಅವನ ಬಗ್ಗೆ ಬರೀಬೇಕೋ ಬ್ಯಾಡೋ ಅಂತ ಬಹಳ ದಿನ ಒದ್ದಾಡಿ, ಕೊನೆಗೆ ಅವನನ್ನೇ ಕೇಳಿದೆ. “ಹೆಸರು ಹಾಕಬ್ಯಾಡ. ಉಳಿದದ್ದು ಬರಿ. ನಾ ಸೋಮಾರಿ ಅಲ್ಲ ಅಂತ ದೊಡ್ಡದಾಗಿ ಬರಿ” ಅಂದ.

ಹಾಗಾಗಿ ಇವತ್ತು ಅವನಿಗೆ ಕೇಳುವ ದನಿಗಳ ಬಗ್ಗೆ ಅಲ್ಲ, ಅವನ ನಿದ್ದೆಯ ಬಗ್ಗೆ.

ಮೊದಲು ಒಂದು ತಮಾಷೆ ಕೇಳಿ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡ್ತೀನಿ. ಅಮೆರಿಕದವರ ಹಗಲು ನನ್ನ ರಾತ್ರಿ. ಬೆಳಗಿನ ಜಾವ ಮೂರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ಹನ್ನೊಂದರ ತನಕ ಏಳೋದಿಲ್ಲ. ನನ್ನ ಖೋಲಿಯ ಮುಂದೆ ಎಲ್ಲರೂ ತುದಿಗಾಲಲ್ಲಿ ಓಡಾಡ್ತಾರೆ, “ಪಾಪ, ರಾತ್ರಿಯೆಲ್ಲ ದುಡದಾಳ” ಅಂತಾರೆ. ಅಣ್ಣನೂ ಅದೇ ಹೊತ್ತಿಗೆ ಮಲಗಿ ಅದೇ ಹೊತ್ತಿಗೆ ಏಳ್ತಾನೆ. ಅವನ ಹೊದಿಕೆಯನ್ನು ಮಾತ್ರ ಅಪ್ಪ ಬೆಳಗ್ಗೆ ಆರಕ್ಕೇ ಎಳೀತಿದ್ದರು.

ಶಿರಹಟ್ಟಿಯ ಮಾವನ ಮನೆ ಮದುವೆಗೆ ಹೋದಾಗಲೂ ಇದೇ ಮಾತು. ಅಕ್ಷತೆ ಬಿದ್ದು ಊಟದ ಪಂಕ್ತಿ ಶುರುವಾದ ಮೇಲೆ ಅಣ್ಣ ಮುಖ ತೊಳಕೊಂಡು ಬಂದ. ಮಾವ ನಾಲ್ಕು ಜನರ ಮುಂದೆ, “ಕೆಲಸ ಇಲ್ಲದವಗ ನಿದ್ದಿ ಜಾಸ್ತಿ. ಒಂದು ನೌಕರಿ ಹಚ್ರಿ, ತಾನ ಎದ್ದು ಕುಂದರ್ತಾನ” ಅಂದರು. ಅಣ್ಣ ಎಲೆಯ ಮುಂದಿನಿಂದ ಎದ್ದು ಹೋದ. ಅಂದಿನಿಂದ ಶಿರಹಟ್ಟಿಗೆ ಹೋಗಿಲ್ಲ.

ಮಾವನ ಮಾತಿಗೆ ಒಂದು ಉತ್ತರ ಇದೆ, ನನಗೆ ಸಿಕ್ಕಿದ್ದು ತಡವಾಗಿ. ಇಂಗ್ಲೆಂಡಿನ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಕಿಜೋಫ್ರೇನಿಯಾ ಇರುವ 20 ಜನರ ಕೈಗೆ ಗಡಿಯಾರದಂಥ ಒಂದು ಯಂತ್ರ ಕಟ್ಟಿ, ಆರು ವಾರ ಅವರ ಅಲುಗಾಟ, ನಿದ್ದೆ ಎಲ್ಲ ಅಳೆದರು. ಹೋಲಿಸಿ ನೋಡೋಕೆ ಕಾಯಿಲೆ ಇಲ್ಲದ 21 ಜನರನ್ನು ತಗೊಂಡರು. ಮಜಾ ಇರೋದು ಇಲ್ಲಿ: ಆ 21 ಜನರೂ ನಿರುದ್ಯೋಗಿಗಳು! ಬೇಕಂತಲೇ ಹಾಗೆ ಆರಿಸಿದ್ದು. ಕೆಲಸ ಇಲ್ಲದ್ದಕ್ಕೇ ನಿದ್ದೆ ಕೆಡೋದಾದರೆ ಇವರದ್ದೂ ಕೆಡಬೇಕಲ್ಲ? ಆದರೆ ಅವರು ಹೆಚ್ಚುಕಡಿಮೆ ಎಲ್ಲರಂತೆ ರಾತ್ರಿ ಮಲಗಿ ಬೆಳಗ್ಗೆ ಏಳ್ತಿದ್ದರು. ಕಾಯಿಲೆ ಇದ್ದ 20 ಜನರಲ್ಲಿ ಒಬ್ಬರ ನಿದ್ದೆಯೂ ಸರಿ ಇರಲಿಲ್ಲ. ಅದರಲ್ಲಿ ಅರ್ಧದಷ್ಟು ಜನರ ಒಳಗಿನ ಗಡಿಯಾರವೇ ಹೊರಗಿನ ಹಗಲು-ರಾತ್ರಿಗೆ ಹೊಂದಿಕೊಂಡಿರಲಿಲ್ಲ. ಕೆಲವರದ್ದು ತಡ, ಕೆಲವರದ್ದು ಮುಂಚೆ. ಇನ್ನು ಕೆಲವರದ್ದು ದಿನಾ ಜಾರ್ತಾ ಹೋಗೋದು: ಇವತ್ತು ಎರಡಕ್ಕೆ ನಿದ್ದೆ ಬಂದರೆ ನಾಳೆ ಮೂರಕ್ಕೆ, ನಾಡಿದ್ದು ನಾಲ್ಕಕ್ಕೆ. ಇವರೆಲ್ಲ ಗುಳಿಗೆ ತಗೊಂಡು, ಕಾಯಿಲೆ ಒಂದು ಹದದಲ್ಲಿ ನಿಂತವರು.

ಇಪ್ಪತ್ತು ಜನರ ಅಧ್ಯಯನ ಸಣ್ಣದೇ, ಒಪ್ತೀನಿ. ಆದರೂ ಅದನ್ನು ಓದಿದ ದಿನ ನನಗೆ ಆ ಮದುವೆ ಪಂಕ್ತಿ ನೆನಪಾಯಿತು.

ಒಳಗಿನ ಗಡಿಯಾರ ಅಂದರೆ ಬರೀ ಮಾತಿನ ಅಲಂಕಾರ ಅಲ್ಲ. ಮೆದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಅಕ್ಕಿಕಾಳಿನಷ್ಟು ಚಿಕ್ಕದೊಂದು ನರಕೋಶಗಳ ಗುಂಪಿದೆ. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಯಾವಾಗ ಬೆಚ್ಚಗೆ ಅಂತ ತಾಳ ಹಾಕೋದು ಅದೇ. ಬಹಳ ಜನರಲ್ಲಿ ಅದು 24 ಗಂಟೆಗಿಂತ ಸ್ವಲ್ಪ ನಿಧಾನ ಓಡುತ್ತದೆ, ನಮ್ಮಪ್ಪನ ಹಳೇ ಗೋಡೆ ಗಡಿಯಾರದ ಹಾಗೆ. ದಿನಾ ಯಾರಾದರೂ ಅದನ್ನು ಸರಿ ಮಾಡಬೇಕು. ಸರಿ ಮಾಡೋದು ಬೆಳಗಿನ ಬೆಳಕು. ಕಣ್ಣಿಗೆ ಬೆಳಕು ಬಿದ್ದಾಗ ಗಡಿಯಾರ ಹೊಂದಿಕೊಳ್ಳುತ್ತದೆ, ಕತ್ತಲಾದ ಮೇಲೆ ಮೆಲಟೋನಿನ್ ಅನ್ನೋ ರಾಸಾಯನಿಕ ಏರಿ, ಇನ್ನು ರಾತ್ರಿ ಅಂತ ಮೈಗೆ ಹೇಳುತ್ತದೆ.

ಈಗ ಅಣ್ಣನ ದಿನ ನೋಡಿ. ಹನ್ನೊಂದಕ್ಕೋ ಹನ್ನೆರಡಕ್ಕೋ ಎದ್ದು, ಕಿಟಕಿ ಮುಚ್ಚಿದ ಒಳಕೋಣೆಯಲ್ಲೇ ಕೂಡೋನು. ಹೊರಗೆ ಹೋದರೆ ಜನ ಕೇಳ್ತಾರೆ ಅನ್ನೋ ಅಂಜಿಕೆ. ಸಂಜೆ ಚಹಾದ ಮೇಲೆ ಚಹಾ. ರಾತ್ರಿ ಮುಖಕ್ಕೆ ಹಿಡಿದ ಮೊಬೈಲು. ಗಡಿಯಾರ ಸರಿ ಮಾಡುವ ಬೆಳಕು ಬೆಳಗ್ಗೆ ಸಿಗಲೇ ಇಲ್ಲ, ಸಿಕ್ಕಿದ್ದು ಮಧ್ಯರಾತ್ರಿ. ಕಾಯಿಲೆ ನಿದ್ದೆ ಕೆಡಿಸ್ತು, ಕೆಟ್ಟ ನಿದ್ದೆ ಅವನನ್ನು ಕತ್ತಲೆಕೋಣೆಗೆ ತಳ್ಳಿತು, ಆ ಕೋಣೆ ನಿದ್ದೆಯನ್ನು ಇನ್ನೂ ಕೆಡಿಸ್ತು.

ಇಲ್ಲಿಗೆ ಬಂದ ಮೇಲೆ ನನ್ನ ತಪ್ಪೂ ಹೇಳಿಬಿಡಬೇಕು.

ಮೂರು ವರ್ಷದ ಹಿಂದೆ, ಸುಗ್ಗಿ ಮುಗಿದ ಹೊತ್ತು. ನನ್ನ ಶಿಫ್ಟಿನ ನಡುವೆ ಅಣ್ಣ ದಿನಾ ಬಂದು ಪಕ್ಕದಲ್ಲಿ ಕೂಡ್ತಿದ್ದ. ಬಹಳ ಮಾತು. ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗೋದರಲ್ಲಿ ಒಂದು ಲೆಕ್ಕ ಇದೆ ಅಂತ ವಿವರಿಸ್ತಿದ್ದ. ನನಗೂ ರಾತ್ರಿಗೆ ಜೊತೆಯಾಯಿತು, ನಗಾಡ್ತಾ ಕೇಳ್ತಿದ್ದೆ. ಅವನು ರಾತ್ರಿ ಎಚ್ಚರ ಇರೋದು ಹೊಸದಲ್ಲ. ಹೊಸದಾಗಿದ್ದು ಏನಂದರೆ, ಅವನು ಹಗಲೂ ಮಲಗ್ತಿರಲಿಲ್ಲ. ಆರು ಗಂಟೆಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಕಟ್ಟೆ ಮೇಲೆ ಕೂತಿರ್ತಿದ್ದ. ನಾನು ಆಗ ಗಾಢನಿದ್ದೆಯಲ್ಲಿ. ಮಗ ಕೊನೆಗೂ ಬೇಗ ಏಳಾಕತ್ತಾನ ಅಂತ ಅವ್ವ ಸಂತೋಷಕ್ಕೆ ಸಜ್ಜಕ ಮಾಡಿದಳು. ಅಪ್ಪ ಮಗ್ಗದ ಮುಂದೆ ಕೂತು ಮೊದಲ ಸಲ ಅವನನ್ನು ಹೊಗಳಿದರು.

ನಾನು ನೋಡಿದ್ದು ಅವನ ರಾತ್ರಿ, ಅವರು ನೋಡಿದ್ದು ಅವನ ಹಗಲು. ಎರಡನ್ನೂ ಕೂಡಿಸಿ ನೋಡಿದವರು ಯಾರೂ ಇಲ್ಲ. ನಾಲ್ಕು ದಿನದಲ್ಲಿ ಅವನು ಮಲಗಿದ್ದು ಎಲ್ಲ ಸೇರಿ ಐದಾರು ತಾಸು ಇರಬಹುದು.

ಐದನೇ ದಿನ ಬೆಳಗ್ಗೆ ಅಣ್ಣ ಇರಲಿಲ್ಲ. ಮರುದಿನ ಸಂಜೆ ಸಿಕ್ಕ, ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ. ಡಂಬಳದ ದಾರಿ ಹಿಡಿದು ನಡೆದೇ ಹೋಗಿದ್ದ, ಸುಮಾರು 40 ಕಿಲೋಮೀಟರ್. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಾಳಿಯಂತ್ರಗಳು ಕರೆದವು ಅಂದ. ಮುಂದೆ ಧಾರವಾಡದ ಡಿಮ್ಹಾನ್ಸ್, ಮೂರು ವಾರ.

ಕಾಯಿಲೆ ಮರುಕಳಿಸುವ ಮುಂಚೆ ನಿದ್ದೆ ಕಡಿಮೆಯಾಗೋದು ಮನೋವೈದ್ಯರಿಗೆ ಹಳೇ ಪರಿಚಯದ ಲಕ್ಷಣ. ನಮಗೆ ಗೊತ್ತಿರಲಿಲ್ಲ. ಗೊತ್ತಾಗೋದೂ ಕಷ್ಟ ಅನ್ರಿ, ನಮ್ಮ ಕಡೆ ರಾತ್ರಿ ಎಚ್ಚರ ಇರೋದು ದೊಡ್ಡ ಸುದ್ದಿಯೇ ಅಲ್ಲ. ನೀರು ರಾತ್ರಿ ಬರ್ತದೆ. ಹೊಲಕ್ಕೆ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಮುಂಡರಗಿ ಕಡೆಯ ರೈತರು ಬ್ಯಾಟರಿ ಹಿಡಿದು ಮೋಟಾರು ಚಾಲೂ ಮಾಡೋಕೆ ಹೋಗ್ತಾರೆ. ನನ್ನ ಸಂಬಳವೂ ರಾತ್ರಿಯದ್ದೇ. ಅಂಥದರಲ್ಲಿ ಒಬ್ಬ ನಿದ್ದೆ ಬಿಟ್ಟಿದ್ದಾನೆ ಅಂತ ಯಾರ ಕಣ್ಣಿಗೆ ಬೀಳಬೇಕು?

ಆಸ್ಪತ್ರೆಯಿಂದ ಬಂದ ಮೇಲೆ ಗದಗದಲ್ಲಿ ತೋರಿಸಿದ ಮನೋವೈದ್ಯೆ ಒಬ್ಬರು ಅಣ್ಣನನ್ನು ನೇರವಾಗಿ ಕೇಳಿದರು: “ಯಾರೂ ಎಬ್ಬಿಸದಿದ್ರ ನೀವು ತಾವಾಗೇ ಎಷ್ಟೊತ್ತಿಗೆ ಏಳ್ತೀರಿ?” ಅದುವರೆಗೆ ನಾವು ಕಂಡ ಯಾರೂ ಇದನ್ನು ಕೇಳಿರಲಿಲ್ಲ. “ನಿದ್ದಿ ಬರ್ತದೇನು?” ಅಂತ ಕೇಳೋರು, ಅವ್ವ “ಬಾಳ ಮಲಗ್ತಾನ್ರಿ” ಅನ್ನೋಳು, ಮುಗೀತು. ಎಷ್ಟು ತಾಸು ಅನ್ನೋದರಷ್ಟೇ ಯಾವ ತಾಸು ಅನ್ನೋದೂ ಮುಖ್ಯ ಅಂತ ನನಗೆ ಹೊಳೆದದ್ದು ಅವತ್ತು.

ಎರಡು ವಾರ ಬರೆದುಕೊಂಡು ಬನ್ನಿ ಅಂದರು. ಅಪ್ಪನ ಮಗ್ಗದ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಣ್ಣನೇ ಬರೆದ. ಮಲಗಿದ್ದು, ಎದ್ದದ್ದು, ನಡುವೆ ಎಚ್ಚರಾದದ್ದು, ಚಹಾ ಎಷ್ಟು. ಅದನ್ನು ನೋಡಿ ಅವರು ಒಂದು ಗುಳಿಗೆಯ ಹೊತ್ತು ಬದಲಿಸಿದರು. (ಇದನ್ನು ನಾವು ನಾವೇ ಮಾಡಬಾರದು. ಅವ್ವ ಒಮ್ಮೆ, ಹಗಲು ಮಂಕಾಗಿರ್ತಾನ ಅಂತ ರಾತ್ರಿಯ ಗುಳಿಗೆ ಬಿಡಿಸಿದ್ದಳು. ಅದರ ಕತೆ ಇನ್ನೊಮ್ಮೆ.) ಗೊರಕೆ ಹೊಡೀತಾನಾ, ನಡುವೆ ಉಸಿರು ಕಟ್ಟಿದ ಹಾಗಾಗ್ತದಾ ಅಂತಲೂ ಕೇಳಿದರು. ಈ ಔಷಧಗಳಿಂದ ತೂಕ ಏರಿದವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಬರಬಹುದಂತೆ. ಕಾಲು ಒಂದೆಡೆ ನಿಲ್ಲದೆ ಚಡಪಡಿಸೋದೂ ಕೆಲವು ಗುಳಿಗೆಗಳ ಅಡ್ಡಪರಿಣಾಮ, ಅದನ್ನೂ ಹೇಳಬೇಕು.

ಹೊದಿಕೆ ಎಳೆಯೋದು ಅಂದೇ ಬಂದ್. ಅದರ ಬದಲು, ಏಳುವ ಹೊತ್ತನ್ನು ನಾಲ್ಕೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಹಿಂದಕ್ಕೆ ತರೋದು. ಎದ್ದ ತಕ್ಷಣ ಚಹಾ ಅಲ್ಲ, ಮಾಳಿಗೆ. ಅರ್ಧ ತಾಸು ಅಲ್ಲಿ ಬೆಳಕಿನಲ್ಲಿ ಕೂತು ಬಂದ ಮೇಲೆ ಚಹಾ. ಹಾಸಿಗೆ ಮಲಗೋಕೆ ಮಾತ್ರ. ಇಡೀ ದಿನ ಅದರ ಮೇಲೆ ಬಿದ್ದಿರಬಾರದು. ಸಂಜೆ ಚಹಾ ಬಿಡಿಸೋಕೆ ಆರು ತಿಂಗಳು ಬೇಕಾಯಿತು, ಗದಗಿನವರಿಗೆ ಮಿರ್ಚಿಭಜಿ ಜೊತೆ ಚಹಾ ಬೇಡ ಅನ್ನೋದು ಶಿಕ್ಷೆಯೇ.

ಇದು ಹೊಸ ಮಂತ್ರವೇನಲ್ಲ. ಬ್ರಿಟನ್ನಿನಲ್ಲೇ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಭ್ರಮೆ, ದನಿಗಳ ತೊಂದರೆ ಇರುವ 50 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯ ಜೊತೆ ಇಂಥದ್ದೇ ನಿದ್ದೆಯ ತರಬೇತಿ ಕೊಟ್ಟರು. ಅವರ ನಿದ್ರಾಹೀನತೆ ಚೆನ್ನಾಗಿ ಇಳಿಯಿತು. ಭ್ರಮೆ, ದನಿಗಳು ಅದರಿಂದ ಕಡಿಮೆಯಾದವು ಅಂತ ಖಚಿತವಾಗಿ ಹೇಳೋಕೆ ಆಗಲಿಲ್ಲ. ಅಣ್ಣನದ್ದೂ ಹಾಗೆಯೇ. ದನಿ ಹೋಗಿಲ್ಲ. “ಮಲಗಿ ಎದ್ದ ದಿನ ಅವು ಏನರ ಅಂದ್ರ ‘ಹೋಗ್ರೋ’ ಅನ್ನಾಕ ಶಕ್ತಿ ಇರ್ತದ” ಅಂತಾನೆ.

ಈಗ ಒಂಬತ್ತೂವರೆಗೆ ಏಳ್ತಾನೆ. ಆರಕ್ಕಲ್ಲ. ಆರು ಗಂಟೆಯ ಆಸೆಯನ್ನು ಅಪ್ಪ ಬಿಟ್ಟುಕೊಟ್ಟಿದ್ದಾರೆ. ಹನ್ನೊಂದಕ್ಕೆ ಅಪ್ಪನ ಪಕ್ಕ ಕೂತು ಮಗ್ಗಕ್ಕೆ ಕಂಡಿಕಿ ಸುತ್ತುತ್ತಾನೆ. ಕೈ ನಡುಗುವ ದಿನ ನೂಲು ಹರೀತದೆ, ಅಪ್ಪ ಮಾತಾಡದೆ ಗಂಟು ಹಾಕ್ತಾರೆ.

ಲಕ್ಷ್ಮೇಶ್ವರದ ಗೆಳತಿಯೊಬ್ಬಳಿದ್ದಾಳೆ, ಅವಳ ಅವ್ವನಿಗೂ ಇದೇ ಕಾಯಿಲೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅನ್ನೋದು ಸರ್ಕಾರದ ಒಳ್ಳೇ ಯೋಜನೆ, ಇಲ್ಲದಿದ್ದರೆ ಪ್ರತಿ ಸಲ ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಓಡಬೇಕು. “ಆದ್ರ ಓಪಿಡಿ ಚೀಟಿ ಮುಂಜಾನೆ ಮಾಡಸ್ಬೇಕಲ್ಲ, ಅವ್ವಗ ನಿದ್ದಿ ಹತ್ತೋದ ಆವಾಗ” ಅಂದಳು. ಡಾಕ್ಟರನ್ನು ಕಾಣೋಕೆ ಅವಳು ಅವ್ವನನ್ನು ರಾತ್ರಿಯೆಲ್ಲ ಎಚ್ಚರ ಇಟ್ಟು ಕರಕೊಂಡು ಹೋಗ್ತಿದ್ದಳಂತೆ. ನಾನು ಅವಳಿಗೆ ನೋಟ್‌ಬುಕ್ಕಿನ ಫೋಟೋ ಕಳಿಸಿದೆ, 14416 ನಂಬರೂ ಕೊಟ್ಟೆ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು, ದಿನದ 24 ತಾಸೂ ಇರ್ತದೆ. ಮುಂಚೆ ಇದ್ದಿದ್ದರೆ ಆ ನಾಲ್ಕು ರಾತ್ರಿಗಳಲ್ಲಿ ಒಂದರಲ್ಲಾದರೂ ನಾನು ಫೋನ್ ಮಾಡ್ತಿದ್ದೆ ಅಂತ ಬರೆಯೋಕೆ ಹೊರಟಿದ್ದೆ. ಆದರೆ ಆಗಲೂ ಅದು ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಈಗ ಒಂದು ಕರಾರಿದೆ. ಅಣ್ಣ ಎರಡು ದಿನ ಸತತವಾಗಿ ನಾಲ್ಕು ತಾಸಿಗಿಂತ ಕಡಿಮೆ ಮಲಗಿದರೆ ಮನೋವೈದ್ಯೆಗೆ ಫೋನು ಹೋಗಬೇಕು. ಅವನು ಎಷ್ಟೇ ಲವಲವಿಕೆಯಿಂದ ಇರಲಿ, ಅವನೇ ಬೇಡ ಅನ್ನಲಿ. ಕರಾರು ಬರೆದದ್ದು ಅವನೇ, ಸಹಿಯೂ ಮಾಡಿದ್ದಾನೆ.

ಹೋದ ವಾರ ರಾತ್ರಿ ಎರಡಕ್ಕೆ ನಳ ಬಂತು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ, ಗೊತ್ತಾಗಲಿಲ್ಲ. ಅಣ್ಣ ಒಂದಕ್ಕೇ ಮಲಗಿಬಿಟ್ಟಿದ್ದ. ಬೆಳಗ್ಗೆ ಅವ್ವ ಎದ್ದು ನೋಡಿದರೆ ಡ್ರಮ್ಮು ಖಾಲಿ. ನನಗೆ ಎಚ್ಚರಾದಾಗ ಅವಳು ಡ್ರಮ್ಮಿನ ಪಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೈಗುಳ ಬರ್ತದೆ ಅಂದುಕೊಂಡೆ. ಅವಳು ಒಳಕೋಣೆ ಕಡೆ ಕೈ ತೋರಿಸಿ, ಪಿಸುದನಿಯಲ್ಲಿ, “ಮೆಲ್ಲಕ ಮಾತಾಡ. ಒಂದು ಟ್ಯಾಂಕರಿಗೆ ಹೇಳು” ಅಂದಳು.

ಬಾಗಿಲು ತೆಗೆದರೆ ಕಟ್ಟೆಯ ಮೇಲೆ ತುಂಬಿದ ಎರಡು ಕೊಡಗಳಿದ್ದವು. ಪಕ್ಕದ ಮನೆ ಅಜ್ಜಿಯವು.