ಲಂಚ ರಕ್ತದಾಗಿಲ್ಲ, ಲೆಕ್ಕದಾಗ ಐತಿ

ಕಟ್ಟೆಯ ಮೇಲೆ ಕುಂತಾಗ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಲಂಚ ತಿನ್ನೋದು ನಮ್ಮ ಮಂದಿ ರಕ್ತದಾಗ ಐತಿ. ಬಿಳಿಯರ ರಾಜ್ಯದಾಗ ಶಿಸ್ತು ಇತ್ತು ನೋಡ್ರಿ." ಓದಿದವರೂ ಇದನ್ನು ಅಂತಾರೆ, ಮಾಸ್ತರರೂ ಒಮ್ಮೊಮ್ಮೆ ತಲೆಯಾಡಿಸುತ್ತಾರೆ. ಈ ಮಾತು ಸುಳ್ಳು. ಇದೇ ಅಪವಾದವನ್ನು ಡಚ್ಚರು ಜಾವಾ ದ್ವೀಪದ ಜನರ ಮೇಲೂ ಹೊರಿಸಿದ್ದರು. ಅಲ್ಲಿ ನಡೆದದ್ದೇನು ಅನ್ನೋದನ್ನು ನೋಡಿದರೆ ಈ ಮಾತಿನ ಪೊಳ್ಳು ಬಯಲಾಗುತ್ತದೆ.

ಮೊದಲು ಬಿಳಿಯರ ಶಿಸ್ತನ್ನೇ ನೋಡೋಣ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಅದರ ನೌಕರರಿಗೆ ಪಗಾರ ಕಡಿಮೆ. ಆದರೂ ಜಾವಾಕ್ಕೆ ಹೋದ ದೊಡ್ಡ ಸಾಹೇಬರು ಗಂಟು ಕಟ್ಟಿಕೊಂಡೇ ಊರಿಗೆ ಮರಳುತ್ತಿದ್ದರು. ಕಂಪನಿಯ ಹಡಗು, ಕಂಪನಿಯ ಗೋದಾಮು, ಒಳಗೆ ಮಾತ್ರ ತಮ್ಮ ಕಳ್ಳ ಮಾಲು. 1799ರ ಕೊನೆಗೆ ಕಂಪನಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಯುದ್ಧವೂ ಕಾರಣ, ಈ ಕಳ್ಳತನವೂ ಕಾರಣ. ಕಂಪನಿಯ ಹೆಸರಿನ ಮೂರಕ್ಷರಕ್ಕೆ "ಲಂಚದಿಂದ ಹಾಳಾದದ್ದು" ಅಂತ ಅರ್ಥ ಹಚ್ಚಿ ಡಚ್ಚರೇ ಗೇಲಿ ಮಾಡಿದರು. ಹಾಗಾದರೆ ಲಂಚ ಯಾರ ರಕ್ತದಾಗ ಇತ್ತು?

ಮುಂದೆ ಡಚ್ ಸರಕಾರವೇ ಆಳತೊಡಗಿತು. 1825ರಿಂದ 1830ರವರೆಗೆ ರಾಜಕುಮಾರ ದಿಪೊನೆಗೊರೊ ಅವರ ವಿರುದ್ಧ ಕಾದಾಡಿದ. ಆ ಯುದ್ಧದಲ್ಲಿ ಖಜಾನೆ ಬರಿದಾಯಿತು. ಅದನ್ನು ತುಂಬಲು 1830ರಲ್ಲಿ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಹೊಸ ಪದ್ಧತಿ ತಂದ. ಪ್ರತಿ ಹಳ್ಳಿ ತನ್ನ ಭೂಮಿಯ ಐದರಲ್ಲಿ ಒಂದು ಪಾಲಿನಲ್ಲಿ ಸರಕಾರ ಹೇಳಿದ ಕಬ್ಬನ್ನೋ ನೀಲಿಯನ್ನೋ ಬೆಳೆಯಬೇಕು. ಭೂಮಿ ಇಲ್ಲದವರು ವರ್ಷಕ್ಕೆ 66 ದಿನ ದುಡಿಯಬೇಕು. ಕಾಗದದ ಮೇಲೆ ಇಷ್ಟೇ. ಆದರೆ ಬಹಳ ಕಡೆ ಐದನೇ ಪಾಲೂ ಮೀರಿತು, 66 ದಿನವೂ ಮೀರಿತು. ಗದ್ದೆಯಲ್ಲಿ ಕಬ್ಬು ಎಷ್ಟು ದಿನ ನಿಲ್ಲುತ್ತದೆ, ಎಷ್ಟು ನೀರು ಕುಡಿಯುತ್ತದೆ ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭತ್ತದ ಗದ್ದೆಗೇ ಕಬ್ಬು ಬಂದರೆ ಊಟಕ್ಕೇನು?

ಮೀರಿದ್ದು ಯಾಕೆ? ಕಾರಣ ಲೆಕ್ಕದಾಗ ಐತಿ. ಬೆಳೆ ಎಷ್ಟು ಹೆಚ್ಚೋ ಅಷ್ಟು ಕಮಿಷನ್ ಸಿಗುತ್ತಿತ್ತು. ಡಚ್ ಅಧಿಕಾರಿಗೂ ಸಿಗುತ್ತಿತ್ತು, ಬುಪತಿ ಎಂಬ ಜಾವಾದ ಜಿಲ್ಲಾ ದೊರೆಗೂ ಸಿಗುತ್ತಿತ್ತು, ಕೆಳಗೆ ಹಳ್ಳಿಯ ಗೌಡನಿಗೂ ಸಿಗುತ್ತಿತ್ತು. ಇದು ಮೇಜಿನ ಕೆಳಗೆ ಕೊಟ್ಟದ್ದಲ್ಲ, ಸರಕಾರಿ ಕಟ್ಟಳೆಯಂತೆ ಕೊಟ್ಟದ್ದು. ರೈತನನ್ನು ಹಿಂಡಿದಷ್ಟೂ ಇನಾಮು ಅಂದರೆ, ಹಿಂಡದವನೇ ಮೂರ್ಖ!

1849 ಮತ್ತು 1850ರಲ್ಲಿ ದೆಮಾಕ್, ಗ್ರೊಬೊಗಾನ್ ಸೀಮೆಗಳಲ್ಲಿ ಬರಗಾಲ ಬಿತ್ತು. ಜನ ಹಸಿವಿನಿಂದ ಸತ್ತರು, ಉಳಿದವರು ಊರು ಬಿಟ್ಟರು. ಇತ್ತ 1831ರಿಂದ 1877ರವರೆಗೆ ಡಚ್ ಖಜಾನೆಗೆ ಹೋದ ಹಣ 80 ಕೋಟಿ ಗಿಲ್ಡರಿಗೂ ಹೆಚ್ಚು. ಅದರಲ್ಲಿ ಅವರು ಸಾಲ ತೀರಿಸಿದರು, ರೈಲುದಾರಿ ಹಾಕಿದರು. ಬುಪತಿ ರೈತನ ಎಮ್ಮೆ ಹೊಡೆದುಕೊಂಡು ಹೋದರೆ ಅದು ಭ್ರಷ್ಟಾಚಾರ. ಇಡೀ ದ್ವೀಪದ ಬೆವರನ್ನು ಹಡಗಿಗೆ ತುಂಬಿದರೆ ಅದು ಆದಾಯ. ಯಾವ ನ್ಯಾಯರೀ ಇದು?

"ಡಚ್ಚರು ಬರೋ ಮೊದಲು ಅಲ್ಲಿಯ ರಾಜರು ತಿಂತಿದ್ದಿಲ್ಲೇನು?" ಅಂತ ಕೇಳಬಹುದು. ತಿಂತಿದ್ದರು. ಬಿಟ್ಟಿ ದುಡಿಸುತ್ತಿದ್ದರು, ಕಾಣಿಕೆ ಪಡೆಯುತ್ತಿದ್ದರು. ಆದರೆ ಆಗ ಜಾವಾದಲ್ಲಿ ಭೂಮಿ ಹೆಚ್ಚು, ಜನ ಕಡಿಮೆ. ದೊರೆ ಅತಿಯಾಗಿ ಹಿಂಡಿದರೆ ರೈತ ರಾತ್ರೋರಾತ್ರಿ ಇನ್ನೊಬ್ಬ ದೊರೆಯ ಸೀಮೆಗೆ ಹೋಗುತ್ತಿದ್ದ. ದುಡಿಯುವ ಕೈ ಹೋದರೆ ದೊರೆತನವೂ ಹೋಯಿತು. ಆ ಅಂಜಿಕೆಯೇ ಕಡಿವಾಣ. ಡಚ್ಚರ ಬಂದೂಕು ಬೆನ್ನಿಗೆ ನಿಂತ ಮೇಲೆ ಬುಪತಿಗೆ ಕೆಳಗಿನವರ ಅಂಜಿಕೆ ಉಳಿಯಲಿಲ್ಲ. ಮೇಲಿನವರನ್ನು ಮೆಚ್ಚಿಸಿದರೆ ಸಾಕಾಯಿತು.

1856ರಲ್ಲಿ ಎಡ್ವರ್ಡ್ ಡೌವೆಸ್ ಡೆಕ್ಕರ್ ಎಂಬ ಡಚ್ ಅಧಿಕಾರಿ ಪಶ್ಚಿಮ ಜಾವಾದ ಲೆಬಾಕ್‌ಗೆ ಬಂದ. ಅಲ್ಲಿಯ ಬುಪತಿ ಜನರಿಂದ ಬಿಟ್ಟಿ ದುಡಿಮೆ, ದನ ಕಿತ್ತುಕೊಳ್ಳುತ್ತಾನೆಂದು ಮೇಲಿನವರಿಗೆ ದೂರು ಬರೆದ. ಏನಾಯಿತು? ಮೇಲಿನವರು ಅವನನ್ನೇ ತಪ್ಪುಗಾರನೆಂದು ಗದರಿಸಿದರು. ಕೆಲವೇ ತಿಂಗಳಲ್ಲಿ ಅವನು ರಾಜೀನಾಮೆ ಕೊಟ್ಟ. 1860ರಲ್ಲಿ ಮುಲ್ತಾತುಲಿ ಎಂಬ ಹೆಸರಿನಿಂದ 'ಮ್ಯಾಕ್ಸ್ ಹವೆಲಾರ್' ಎಂಬ ಕಾದಂಬರಿ ಬರೆದು ತನ್ನ ದೇಶದವರನ್ನೇ ನಾಚಿಸಿದ. ಅವನ ಧೈರ್ಯಕ್ಕೆ ನಾವು ಕೈ ಮುಗಿಯಬೇಕು. ಆದರೆ ಅವನ ಕಥೆ ಹೇಳುವುದು ಇಷ್ಟು: ಒಬ್ಬ ಒಳ್ಳೆಯವ ಬಂದರೆ ಸಾಲದು. ಆ ಬುಪತಿ ಬಿದ್ದರೆ ಸರಕಾರದ ಬೆಳೆ ಯಾರು ಬೆಳೆಸಬೇಕು, ಜನರನ್ನು ಯಾರು ಹತ್ತಿಕ್ಕಬೇಕು? ಅವನ ಕಳ್ಳತನ ಸರಕಾರಕ್ಕೆ ಬೇಕಾಗಿತ್ತು.

ಆದ್ದರಿಂದ ಮಾಸ್ತರರಲ್ಲಿ ಒಂದು ವಿನಂತಿ. ಮಕ್ಕಳ ಮುಂದೆ "ನಮ್ಮ ಮಂದಿನೇ ಇಷ್ಟು" ಅನ್ನಬೇಡಿ. ರಕ್ತದಾಗ ಐತಿ ಅಂದರೆ ತಿಂದವನಿಗೆ ಬಿಡುಗಡೆ ಕೊಟ್ಟಂತಾಯಿತು; ರಕ್ತವನ್ನು ಯಾರು ಬದಲಿಸುತ್ತಾರೆ? ಅದರ ಬದಲು ಮೂರು ಪ್ರಶ್ನೆ ಕಲಿಸಿ. ಈ ಕುರ್ಚಿಯಲ್ಲಿ ಕುಂತವ ಯಾರಿಗೆ ಲೆಕ್ಕ ಕೊಡುತ್ತಾನೆ? ಅವನು ಹಿಂಡಿದರೆ ಲಾಭ ಯಾರಿಗೆ? ಹಿಂಡಿಸಿಕೊಂಡವನ ದೂರು ಎಲ್ಲಿಗೆ ಹೋಗಿ ಮುಟ್ಟುತ್ತದೆ? ಜಾವಾದ ರೈತನಿಗೆ ಈ ಮೂರನ್ನೂ ಕೇಳುವ ಹಕ್ಕಿರಲಿಲ್ಲ. ನಮಗೆ ಐತಿ. ಕಟ್ಟೆಯ ಮೇಲೆ ರಕ್ತದ ಮಾತು ಆಡುವ ಬದಲು ಪಂಚಾಯಿತಿಗೆ ಹೋಗಿ ಲೆಕ್ಕ ಕೇಳೋಣ.