ಪುಟ್ಟಿ ಮೆತ್ತಿದರೆ ತುಕ್ಕು ಸಾಯೋದಿಲ್ಲ

ನಾವು ಮೂವರು ವರದಿಗಾರರು ದುಡ್ಡು ಹಾಕಿ ಹಳೇ ಮಾರುತಿ 800 ಕೊಂಡೆವು. ಫಳಫಳ ಹೊಳೆಯುತ್ತಿತ್ತು. 'ಹೊಸ ಪೇಂಟು' ಅಂದರು ಮಾರಿದವರು. ಒಂದೇ ಮಳೆಗಾಲಕ್ಕೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಗುಳ್ಳೆ ಎದ್ದವು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಸೀದಾ ಒಳಗೆ ಹೋಯಿತು. ಬಣ್ಣದಡಿ ಬೆರಳು ದಪ್ಪ ಪುಟ್ಟಿ, ಪುಟ್ಟಿಯಡಿ ತುಕ್ಕಿನ ಪುಡಿ. ತಗಡೇ ಇರಲಿಲ್ಲ.

ಮಂತ್ರಿಗಳು ಬರುವ ಹಿಂದಿನ ದಿನ ರಸ್ತೆ ಗುಂಡಿಗೆ ಮಣ್ಣು ತುಂಬುತ್ತಾರೆ ಅಂತ ನಾವು ಬರೆಯುತ್ತೇವೆ, ನೀವು ಓದಿ ಬೈಯುತ್ತೀರಿ. ನಮ್ಮ ಕಾರಿಗೆ ನಾವು ಮಾಡಿಸುವುದೂ ಅದನ್ನೇ. 15 ವರ್ಷ ತುಂಬಿ ಆರ್‌ಸಿ ನವೀಕರಿಸಬೇಕು, ಇಲ್ಲವೇ ಗಾಡಿ ಮಾರಬೇಕು. ಆಗ ಪೇಂಟರ್ ಮುಂದೆ ನಿಂತು 'ಎರಡು ದಿನದಲ್ಲಿ ಹೊಳೀಬೇಕು, ಖರ್ಚು ಕಮ್ಮಿ ಇರಲಿ' ಅನ್ನುತ್ತೇವೆ. ಎರಡು ದಿನದಲ್ಲಿ ಅವನು ಮೆತ್ತಬಲ್ಲ ಅಷ್ಟೇ. ಅವನನ್ನು ಬೈದು ಫಲವಿಲ್ಲ.

'ಅಂದ ತಾನೇ, ಹೋದರೆ ಹೋಗಲಿ' ಅನ್ನಬೇಡಿ. ಲಾರಿಗಿರುವಂಥ ಬೇರೆ ಚಾಸಿ ಈ ಕಾರಿಗಿಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಅದರ ಎಲುಬು. ಸೀಟು, ಸೀಟ್ ಬೆಲ್ಟ್ ಕೂತಿರುವುದೂ ಇದೇ ತಗಡಿನ ಮೇಲೆ. ಪುಟ್ಟಿಗೆ ಡಿಕ್ಕಿ ತಡೆಯುವ ಶಕ್ತಿಯಿಲ್ಲ.

ಹಾಗಾಗಿ ನಮ್ಮ ವಾದ ಇಷ್ಟೇ: ಬಣ್ಣ ಹೊಡೆಯುವುದು ಪೇಂಟರ್‌ಗೆ ಇರಲಿ, ಅದಕ್ಕೂ ಮುಂಚಿನ ಕೆಲಸ ನೀವೇ ಮಾಡಿ. ಅದಕ್ಕೆ ಬೇಕಿರುವುದು ತಾಳ್ಮೆ. ಅದನ್ನು ಕೂಲಿಗೆ ಕೊಳ್ಳಲು ನಾವು ಯಾರೂ ತಯಾರಿಲ್ಲ.

ಮೊದಲು ಅಯಸ್ಕಾಂತ ಹಿಡಿದು ಕಾರಿನ ಸುತ್ತ ಬನ್ನಿ. ಅದು ಅಂಟದ ಕಡೆ ದಪ್ಪ ಪುಟ್ಟಿ ಇದೆ. ಸೋಪು ನೀರಲ್ಲಿ ತೊಳೆದು ಒಣಗಿಸಿ, ಜಿಡ್ಡು ಒರೆಸಿ. ವೈರ್ ಬ್ರಷ್, 80 ನಂಬರ್ ಪೇಪರ್ ಹಿಡಿದು ಬಿಳಿ ತಗಡು ಕಾಣುವ ತನಕ ಉಜ್ಜಿ. ತೂತು ಬಿದ್ದಿದ್ದರೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಬೇರೆ ದಾರಿಯಿಲ್ಲ. ಬರಿ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿಯಿರಿ. ಬಿಟ್ಟರೆ ಮಳೆಗಾಲದ ಗಾಳಿಗೇ ಮತ್ತೆ ತುಕ್ಕು ಹಿಡಿಯುತ್ತದೆ. ತಗ್ಗಿದ್ದಲ್ಲಿ ಮಾತ್ರ ಪುಟ್ಟಿ, ಅದೂ ತೆಳ್ಳಗೆ. ಆಮೇಲೆ 180, 320 ಪೇಪರ್. ಪುಟ್ಟಿ ನೀರು ಕುಡಿಯುತ್ತದೆ, ಒಣಗಿದಂತೆಯೇ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ಬಾಗಿಲಡಿಯ ಸಣ್ಣ ತೂತುಗಳಲ್ಲಿ ಕೂತ ಮಣ್ಣು ಕೆದಕಿ ತೆಗೆಯಿರಿ. ಒಳಗೆ ನಿಂತ ನೀರೇ ತುಕ್ಕಿನ ತವರು.

ಹಾರ್ಡ್‌ನರ್ ಬೆರೆಸಿದ ಬಣ್ಣವನ್ನು ಮಾತ್ರ ಮನೆಯಂಗಳದಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶ ಕೆಡಿಸುತ್ತದೆ, ಬಟ್ಟೆ ಮಾಸ್ಕ್ ಅದನ್ನು ತಡೆಯದು.

ನಮಗೆ ಐದು ಭಾನುವಾರ ಹಿಡಿಯಿತು. ಕೈ ಬೊಬ್ಬೆ ಬಂತು. ಒಂದು ಕಡೆ ಇನ್ನೂ ಅಲೆಅಲೆಯಾಗಿ ಕಾಣುತ್ತದೆ. ಕಾಣಲಿ. ಅದರಡಿ ಏನಿದೆ ಅಂತ ನಮಗೆ ಗೊತ್ತು.

ಈ ಕಾರು ತಯಾರಾಗುವುದು 2014ರ ಜನವರಿಗೇ ನಿಂತಿತು. ಇರುವವು ಒಬ್ಬರ ಕೈಯಿಂದ ಒಬ್ಬರ ಕೈಗೆ ನಮ್ಮ ಹಳ್ಳಿಗಳಲ್ಲೇ ಸುತ್ತುತ್ತಿವೆ. ನೀವು ಮೆತ್ತಿ ಮಾರಿದ ಗಾಡಿಯಲ್ಲಿ ನಾಳೆ ಪಕ್ಕದೂರಿನ ಮಕ್ಕಳು ಕೂರುತ್ತಾರೆ. ಮುಚ್ಚಿ ಮಾರಬೇಡಿ. ಉಜ್ಜಿ ಸರಿಮಾಡಿ, ಇಲ್ಲವೇ ಇದ್ದದ್ದು ಇದ್ದಹಾಗೆ ಹೇಳಿ ಮಾರಿ.